ಕುಲುಮೆಯಿಂದ ಲೇತಿಗೆ: ಚಿತ್ರದುರ್ಗ ಸೀಮೆಯ ಲೋಹಗಾರಿಕೆಯಲ್ಲಿ ಸಲಕರಣೆಗಳ ಸ್ಥಿತ್ಯಂತರ

ಕರ್ನಾಟಕದ ಕೈಗಾರಿಕಾ ಚರಿತ್ರೆಯನ್ನು ಬರೆದವರ ಗಮನ ಬಹುಮಟ್ಟಿಗೆ ಭದ್ರಾವತಿ, ಬೆಂಗಳೂರು, ಹರಿಹರಗಳ ದೊಡ್ಡ ಕಾರ್ಖಾನೆಗಳ ಮೇಲೆಯೇ ನೆಲೆಗೊಂಡಿದೆ. ಹೋಬಳಿ ಮಟ್ಟದ ಸಣ್ಣ ವರ್ಕ್‌ಶಾಪು ದಾಖಲೆಗಳನ್ನು ಉಳಿಸುವುದಿಲ್ಲ. ಅದು ವಾರ್ಷಿಕ ವರದಿ ಅಚ್ಚು ಹಾಕಿಸುವ ಸಂಸ್ಥೆಯೂ ಅಲ್ಲ. ಆದರೆ ಯಂತ್ರಯುಗವು ರೈತಾಪಿ ಸಮಾಜದ ಬಾಗಿಲಿಗೆ ಬಂದದ್ದು ಅದರ ಮೂಲಕವೇ. ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಶ್ರೀರಾಂಪುರದಂತಹ ಊರುಗಳನ್ನು ಎದುರಿಗಿಟ್ಟುಕೊಂಡು ನೋಡಿದಾಗ, ಅಲ್ಲಿ ನಡೆದದ್ದು ಹಳೆಯ ಉಪಕರಣದ ಜಾಗಕ್ಕೆ ಹೊಸ ಉಪಕರಣ ಬಂದಷ್ಟು ಸರಳವಾದ ಬದಲಾವಣೆಯಲ್ಲ ಎಂಬುದು ವಿದಿತವಾಗುತ್ತದೆ. ಕಬ್ಬಿಣವನ್ನು ಬಡಿದು ರೂಪಿಸುವ ಕಸುಬು ಅದನ್ನು ಕತ್ತರಿಸಿ ಜೋಡಿಸುವ ಕಸುಬಾಗಿ ಮಾರ್ಪಟ್ಟಿತು.

ಈ ಸೀಮೆಗೆ ಕಬ್ಬಿಣ ಹೊರಗಿನ ವಸ್ತುವಾಗಿರಲಿಲ್ಲ. ಚಿತ್ರದುರ್ಗದ ಅದಿರುಯುಕ್ತ ಬೆಟ್ಟಸಾಲು ಹೊಸದುರ್ಗದ ಮೂಲಕ ಚಿಕ್ಕನಾಯಕನಹಳ್ಳಿಯತ್ತ ಹಬ್ಬಿದೆ. 1800–01ರಲ್ಲಿ ಮೈಸೂರು ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿ, ಚನ್ನರಾಯನದುರ್ಗಗಳ ಕಡೆ ಕಪ್ಪು ಮರಳಿನಿಂದಲೂ ಅದಿರಿನಿಂದಲೂ ಕಬ್ಬಿಣ ತೆಗೆಯುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಬಿ.ಎಲ್. ರೈಸ್ ತನ್ನ ಗೆಜೆಟಿಯರಿನಲ್ಲಿ ಕಬ್ಬಿಣ ಕರಗಿಸುವ ಪ್ರದೇಶಗಳನ್ನು ಹೆಸರಿಸುವಾಗ ಚಿತ್ರದುರ್ಗ ಜಿಲ್ಲೆಯ ದಕ್ಷಿಣ ಮತ್ತು ಮಧ್ಯ ಭಾಗಗಳನ್ನೂ ಸೇರಿಸುತ್ತಾನೆ. ಹೊಸದುರ್ಗವು ಈ ದಕ್ಷಿಣ ಭಾಗದಲ್ಲೇ ಇದೆ. ಯುರೋಪಿನ ಲೋಹಶಾಸ್ತ್ರಜ್ಞರು ‘ವೂಟ್ಜ್’ ಎಂದು ಕರೆದ ಉಕ್ಕಿನ ಹೆಸರಿಗೆ ಕನ್ನಡದ ‘ಉಕ್ಕು’ ಶಬ್ದವೇ ಮೂಲವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಗ್ರಾಮದ ಕಮ್ಮಾರ ಆಯಗಾರರಲ್ಲಿ ಒಬ್ಬ. ತಿದಿ, ಅಡಿಗಲ್ಲು, ಸುತ್ತಿಗೆ, ಸಮ್ಮಟಿಗೆ, ಇಕ್ಕಳ, ಉಳಿ, ಅರ, ನೀರಿನ ದೋಣಿ ಇವಿಷ್ಟೇ ಅವನ ಸಲಕರಣೆಗಳು. ಇವುಗಳಲ್ಲಿ ಹಲವನ್ನು ಅವನೇ ಮಾಡಿಕೊಳ್ಳುತ್ತಿದ್ದ ಎಂಬುದು ಮುಖ್ಯ. ಸಲಕರಣೆಗಾಗಿ ಸಾಲ ಮಾಡುವ ಪ್ರಮೇಯ ಅವನಿಗೆ ಅಷ್ಟಾಗಿ ಇರಲಿಲ್ಲ. ಕಾದ ಕಬ್ಬಿಣದ ಬಣ್ಣ ನೋಡಿ ಶಾಖವನ್ನು ಅರಿಯುವುದು, ಕುಳದ ಮೊನೆಗೆ ಎಷ್ಟು ನೀರು ಕುಡಿಸಿದರೆ ಅದು ಮೊಂಡಾಗದೆ, ಮುರಿಯದೆ ಬಾಳುತ್ತದೆ ಎಂದು ತಿಳಿಯುವುದು ಅವನ ವಿದ್ಯೆ. ಅದಕ್ಕೆ ‘ಹದ’ ಎಂಬ ಒಂದೇ ಮಾತು ಸಾಕಾಗುತ್ತಿತ್ತು. ಅಳತೆಯ ಕೋಲಿಗಿಂತ ಕಣ್ಣಿಗೆ ಅಲ್ಲಿ ಹೆಚ್ಚಿನ ಅಧಿಕಾರ. ಒಂದು ಬಂಡಿಯ ಅಚ್ಚು ಮತ್ತೊಂದು ಬಂಡಿಗೆ ಸರಿಹೊಂದಬೇಕೆಂಬ ನಿರೀಕ್ಷೆ ಯಾರಿಗೂ ಇರಲಿಲ್ಲ.

ಮೊದಲು ಬದಲಾದದ್ದು ಸಲಕರಣೆಯಲ್ಲ, ಸರಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಗ್ಗದ ಆಮದು ಕಬ್ಬಿಣ ಬಂದಿತು. ಇದ್ದಿಲಿಗೆ ಬೇಕಾದ ಕಾಡಿನ ಮೇಲೆ ನಿರ್ಬಂಧಗಳು ಬಿದ್ದವು. ದೇಶೀ ಕುಲುಮೆಗಳು ಒಂದೊಂದಾಗಿ ಆರಿದವು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯೂ ಮೊದಲಿಗೆ ಇದ್ದಿಲನ್ನೇ ಅವಲಂಬಿಸಿತ್ತು ಎಂಬುದು ಇಲ್ಲಿ ನೆನೆಯತಕ್ಕ ವಿಷಯ. 1936ರಲ್ಲಿ ಅಲ್ಲಿ ಉಕ್ಕಿನ ಘಟಕ ಸೇರ್ಪಡೆಯಾಯಿತು. ಗೊತ್ತಾದ ದಪ್ಪ, ಗೊತ್ತಾದ ಅಗಲದ ಪಟ್ಟಿ, ಸರಳು, ಕೋನಪಟ್ಟಿಗಳು ಅಂಗಡಿಯಲ್ಲಿ ದೊರೆಯುವಂತಾದ ಮೇಲೆಯೇ ಇಂದು ‘ಫ್ಯಾಬ್ರಿಕೇಷನ್’ ಎನ್ನಿಸಿಕೊಳ್ಳುವ ಕೆಲಸ ಸಾಧ್ಯವಾಯಿತು. ಗೇಟು, ಕಿಟಕಿ, ಟ್ರೇಲರುಗಳನ್ನು ಮಾಡುವವನು ಕಬ್ಬಿಣಕ್ಕೆ ಆಕಾರ ಕೊಡುವುದಿಲ್ಲ. ಆಕಾರ ಪಡೆದು ಬಂದ ಕಬ್ಬಿಣವನ್ನು ತುಂಡರಿಸಿ ಕೂಡಿಸುತ್ತಾನೆ.

ಎರಡನೆಯ ಹೆಜ್ಜೆ ಅಳತೆಗೆ ಸಂಬಂಧಿಸಿದ್ದು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರ ಹೊತ್ತಿಗೆ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಬೋಲ್ಟು ಬಿಚ್ಚಿ ಹೊಸ ಕುಳ ಹಾಕಬಹುದಾದ ಇಂತಹ ನೇಗಿಲುಗಳು, ಬಿಡಿಭಾಗವೆಂಬ ಕಲ್ಪನೆಯನ್ನು ಹೊಲಕ್ಕೆ ತಂದವು. ಅದೇ ಮನೆತನದ ಉದ್ಯಮವಾದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಸ್ಥಾಪನೆಗೊಂಡು ಲೇತ್ ತಯಾರಿಕೆಗೆ ಹೆಸರಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹರಿಹರ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಊರು. ಹೀಗೆ, ಯಂತ್ರಗಳನ್ನು ಮಾಡುವ ಯಂತ್ರ ಇದೇ ಜಿಲ್ಲೆಯೊಳಗೆ ತಯಾರಾಗುತ್ತಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ.

ಲೇತ್ ತಂದ ಬದಲಾವಣೆಯನ್ನು ವೇಗದ ಮಾತಿನಲ್ಲಿ ಮಾತ್ರ ಹೇಳಿದರೆ ಸಾಲದು. ಕೈಯಲ್ಲಿ ಹಿಡಿದ ಉಳಿಯ ಬದಲು ಜಾರುಪೀಠಕ್ಕೆ ಬಿಗಿದ ಉಳಿ. ಅದನ್ನು ನಡೆಸಲು ತಿರುಪಿನ ಸರಳು. ಸರಳಿನ ಎಳೆಗಳ ನಡುವಣ ಅಂತರವು ಗೇರುಗಳ ಅನುಪಾತದೊಡನೆ ಸೇರಿ ಕೊರೆಯಬೇಕಾದ ಎಳೆಯ ಅಂತರವನ್ನು ನಿರ್ಧರಿಸುತ್ತದೆ. ನಿಖರತೆಯ ಹೆಚ್ಚಿನ ಪಾಲು ಕುಶಲಿಯ ಮಣಿಕಟ್ಟಿನಿಂದ ಯಂತ್ರದ ದೇಹಕ್ಕೆ ವರ್ಗಾವಣೆಯಾಯಿತು. ಕಣ್ಣಳತೆಯ ಸ್ಥಾನಕ್ಕೆ ಕ್ಯಾಲಿಪರು, ಮೈಕ್ರೊಮೀಟರುಗಳು ಬಂದವು. ಸವೆದ ಪಂಪಿನ ಶಾಫ್ಟನ್ನು ಪಟ್ಟಣಕ್ಕೆ ಒಯ್ಯದೆ ಹೋಬಳಿಯಲ್ಲೇ ಕಡೆಯಿಸುವುದು ಸಾಧ್ಯವಾಯಿತು. ಮಳೆ ಕಡಿಮೆಯಾದ, ಬಾವಿಯನ್ನೂ ಬಳಿಕ ಕೊಳವೆಬಾವಿಯನ್ನೂ ನಂಬಿದ ಈ ಸೀಮೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಬೇಸಗೆಯಲ್ಲಿ ಒಂದು ವಾರ ಪಂಪು ನಿಂತರೆ ತೋಟ ಒಣಗುತ್ತದೆ.

ಆದರೆ ಲೇತಿಗೆ ಶಕ್ತಿ ಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತಾದರೂ ಹಳ್ಳಿಗಳ ಪಾಲಿಗೆ ಅದು ಬಹುಕಾಲ ದೂರದ ಬೆಳಕೇ. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿದ ಅನಂತರದ ದಶಕಗಳಲ್ಲಿ ತಂತಿಗಳು ಗ್ರಾಮಾಂತರಕ್ಕೆ ಹಬ್ಬಿದವು. ವಿದ್ಯುತ್ತಿನೊಡನೆ ಬಂದ ಆರ್ಕ್ ವೆಲ್ಡಿಂಗ್ ಮಾತ್ರ ಲೇತಿಗಿಂತಲೂ ಆಳವಾದ ಪಲ್ಲಟವನ್ನು ಉಂಟುಮಾಡಿತು. ಎರಡು ತುಂಡುಗಳನ್ನು ಬೆಳ್ಳಗೆ ಕಾಯಿಸಿ ಬಡಿದು ಬೆಸೆಯುವ ವಿದ್ಯೆ, ರಂಧ್ರ ಕೊರೆದು ರಿವೆಟ್ ಹೊಡೆಯುವ ಶ್ರಮ ಎರಡನ್ನೂ ಅದು ಪಕ್ಕಕ್ಕೆ ಸರಿಸಿತು. ಲೇತಿಗಿಂತ ಅಗ್ಗವಾದ ಕಾರಣ ಅದು ಹೆಚ್ಚು ಕೈಗಳಿಗೆ ಎಟುಕಿತು. ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ಗಂಟೆ ದೊರೆಯುವ ಊರುಗಳಲ್ಲಿ ಒಂದು ಫೇಸಿನಲ್ಲೇ ನಡೆಯುವ, ಒಬ್ಬನೇ ಎತ್ತಿಕೊಂಡು ಹೋಗಬಲ್ಲ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಈಚೆಗೆ ಜನಪ್ರಿಯವಾದದ್ದು ಸಹಜವೇ ಆಗಿದೆ. ಕೆಲಸಗಾರನ ಕಣ್ಣಿನ ರಕ್ಷಣೆ ಮಾತ್ರ ಅದೇ ವೇಗದಲ್ಲಿ ಆಧುನಿಕವಾಗಿಲ್ಲ.

ಕುಲುಮೆಗಳೆಲ್ಲ ವರ್ಕ್‌ಶಾಪುಗಳಾಗಲಿಲ್ಲ. ಇದನ್ನು ಚರಿತ್ರಕಾರರು ಹೆಚ್ಚು ಗಮನಿಸಬೇಕಾಗಿದೆ. ಆಯದ ಧಾನ್ಯದಿಂದ ಬದುಕುತ್ತಿದ್ದ ಕಮ್ಮಾರನ ಬಳಿ ಯಂತ್ರ ಕೊಳ್ಳುವ ಬಂಡವಾಳವೂ ಇರಲಿಲ್ಲ, ಬ್ಯಾಂಕಿಗೆ ತೋರಿಸಬಹುದಾದ ಆಸ್ತಿಯೂ ಇರಲಿಲ್ಲ. 1950ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆ ಹಾಗೂ 1961ರ ಅಪ್ರೆಂಟಿಸ್ ಕಾಯ್ದೆಗಳು ಫಿಟ್ಟರ್, ಟರ್ನರ್, ವೆಲ್ಡರ್ ಎಂಬ ಹೊಸ ಹೆಸರುಗಳನ್ನು ಕೊಟ್ಟವು. ಕಸುಬು ಕುಲದಿಂದ ಪ್ರಮಾಣಪತ್ರಕ್ಕೆ ಸರಿಯಿತು. ಯಾವ ಜಾತಿಯ ಹುಡುಗನಾದರೂ ಟರ್ನರ್ ಆಗಬಹುದೆಂಬುದು ನಿಸ್ಸಂಶಯವಾಗಿ ದೊಡ್ಡ ಲಾಭ. ಹದದ ಅರಿವಿಗೆ ಮಾತ್ರ ಈ ವಿಭಾಗಗಳಲ್ಲಿ ಹಿಂದಿನ ಸ್ಥಾನ ದೊರೆಯಲಿಲ್ಲ.

1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಮುಂದೆ ಹರಿಹರದಲ್ಲಿಯೂ ಶಾಖೆ ತೆರೆಯಿತು. ಅಲ್ಲಿ ಕಲಿಸುವ ಗಣಕನಿಯಂತ್ರಿತ ಯಂತ್ರಗಳಿಗೆ ಬೇಕಾಗುವುದು ಒಂದೇ ಬಗೆಯ ಭಾಗಗಳ ನಿರಂತರ ಬೇಡಿಕೆ. ಹೋಬಳಿಯ ವರ್ಕ್‌ಶಾಪಿಗೆ ಬರುವುದು ದಿನಕ್ಕೊಂದು ಬಗೆಯ ದುರಸ್ತಿ: ಬೆಳಿಗ್ಗೆ ಟ್ರೇಲರಿನ ಕೊಂಡಿ, ಮಧ್ಯಾಹ್ನ ಮೋಟಾರಿನ ಬುಷ್. ಹೀಗಾಗಿ ಅಲ್ಲಿ ಹಳೆಯ ಗೇರ್ ಲೇತೇ ಇನ್ನೂ ಲೆಕ್ಕಕ್ಕೆ ಒಗ್ಗುತ್ತದೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಹರಿಹರದ ಕಾರ್ಖಾನೆ ನಿಂತುಹೋಯಿತು. ಅಲ್ಲಿ ಎರಕಗೊಂಡ ಲೇತುಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಸಣ್ಣ ವರ್ಕ್‌ಶಾಪುಗಳಲ್ಲಿ ಇಂದಿಗೂ ದುಡಿಯುತ್ತಿವೆ.