ನೋಡಿದ್ದಕ್ಕೆ ಕೂಲಿ

"ಗಾಡಿ ಆಫ್ ಮಾಡ್ಬ್ಯಾಡ, ಇರಣ್ಣ."

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಗ್ಯಾರೇಜಿನ ಮುಂದೆ ಸದ್ದು ಮಾಡುವ ಬೈಕ್ ನಿಲ್ಲಿಸಿದರೂ ಮೊದಲು ಕೇಳುವ ಮಾತು ಇದು. ಮೆಕ್ಯಾನಿಕ್ ಬಗ್ಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಊರಿ, ಹಿಡಿಯನ್ನು ಕಿವಿಗೆ ಆನಿಸುತ್ತಾನೆ. ಒಂದೆರಡು ಕಡೆ ಹೀಗೆ ಕೇಳಿ, ಆಕ್ಸಿಲರೇಟರ್ ಒಮ್ಮೆ ತಿರುವಿ, ರೋಗ ಹೇಳುತ್ತಾನೆ. ಆಮೇಲೆ ಲೆಕ್ಕ: ಚೈನಿಗೆ ಇಷ್ಟು, ಆಯಿಲಿಗೆ ಇಷ್ಟು, ಬಿಚ್ಚಿ ಕಟ್ಟಿದ್ದಕ್ಕೆ ಇಷ್ಟು. ಕಿವಿಗೊಟ್ಟು ಕೇಳಿದ್ದಕ್ಕೆ ಆ ಲೆಕ್ಕದಲ್ಲಿ ಸಾಲೇ ಇರುವುದಿಲ್ಲ.

ಈ ರೂಢಿಯ ಬೇರು ಹುಡುಕಿದರೆ ಮೈಸೂರಿನ ಯಾದವಗಿರಿಗೆ ಹೋಗಬೇಕು. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಬೈಕ್ ತಯಾರಿಕೆ ಶುರುವಾಯಿತು. ವಿನ್ಯಾಸ ಜೆಕೊಸ್ಲೊವಾಕಿಯದ್ದು, ಕೈಗಳು ಮೈಸೂರಿನವು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ನಡುವೆ ಇರುವುದು ಸುಮಾರು 15 ಕಿಲೋಮೀಟರ್ ದಾರಿ ಮಾತ್ರ. ಬೈಕು, ಅದರ ಬಿಡಿಭಾಗ, ಅದನ್ನು ಬಿಚ್ಚುವ ವಿದ್ಯೆ ಮೂರೂ ಕಾವೇರಿ ದಾಟಿ ಈ ತಾಲ್ಲೂಕುಗಳಿಗೆ ಬರುವುದು ಕಷ್ಟವಿರಲಿಲ್ಲ.

ಜಾವಾ ಸ್ಟಾರ್ಟ್ ಆಗದಿದ್ದರೆ ಕಾರಣ ಹುಡುಕಲು ಐದು ನಿಮಿಷ ಸಾಕಾಗುತ್ತಿತ್ತು. ಪ್ಲಗ್ ಬಿಚ್ಚಿ ನೋಡಬೇಕು. ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಕಪ್ಪು ಕಟ್ಟಿದ್ದರೆ ಕಾರ್ಬನ್. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಲೋಹಕ್ಕೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ "ಕರೆಂಟ್ ಬತ್ತಾ ಇಲ್ಲ" ಎಂದು ಪಾಯಿಂಟ್ ಉಜ್ಜಿ, ಅದರ ಸಂದನ್ನು 0.4 ಮಿಲಿಮೀಟರಿಗೆ ಕೂರಿಸುವುದು. ಆಮೇಲೆ ಕಂಡೆನ್ಸರ್, ಕಾಯಿಲ್. ಪರೀಕ್ಷೆಗೆ ಬೇಕಾದದ್ದು ಒಂದು ಪ್ಲಗ್ ಸ್ಪ್ಯಾನರ್, ಒಂದು ಚೂರು ಎಮರಿ ಕಾಗದ. ಇಷ್ಟಕ್ಕೆ ಯಾರು ದುಡ್ಡು ಕೇಳಿಯಾರು? "ನೋಡೋಕೆಲ್ಲ ಕಾಸ್ಯಾಕಣ್ಣ" ಎನ್ನುವ ದೊಡ್ಡತನ ಅಂದಿನ ಎಂಜಿನ್ನಿಗೆ ಸರಿಯಾಗಿಯೇ ಇತ್ತು.

ಸದ್ದಿನ ಕಥೆ ಇನ್ನೂ ಸೊಗಸು. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವ್ ಇಲ್ಲ, ಆದ್ದರಿಂದ ಟ್ಯಾಪೆಟ್ ಸದ್ದೂ ಇಲ್ಲ. ಇದ್ದದ್ದು ಎರಡು ಚೈನ್: ಎಂಜಿನ್‌ನಿಂದ ಕ್ಲಚ್ಚಿಗೆ ಒಂದು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಇನ್ನೊಂದು. ಹಿಂದಿನ ಚೈನ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ನಾಲೆ ಏರಿಯ ಕೆಸರು, ಕಬ್ಬಿನ ಗಾಡಿದಾರಿಯ ದೂಳು ಸುಲಭಕ್ಕೆ ಅದನ್ನು ಮುಟ್ಟುತ್ತಿರಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಸೀಮೆಗೆ ಅಂಥ ಬೈಕು ಹೇಳಿ ಮಾಡಿಸಿದಂತಿತ್ತು. ಆದರೆ ಚೈನ್ ಸಡಿಲವಾದರೆ ಅದೇ ಪೆಟ್ಟಿಗೆ ತಮಟೆಯಾಗುತ್ತಿತ್ತು. ಒಳಗೆ ಚೈನ್ ಬಡಿದುಕೊಳ್ಳುವುದು ಬೀದಿ ತುದಿಗೇ ಕೇಳುತ್ತಿತ್ತು.

1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂದ ಮೇಲೆ ಕಿವಿ ಹೊಸ ಪಾಠ ಕಲಿಯಬೇಕಾಯಿತು. ಫೋರ್ ಸ್ಟ್ರೋಕ್ ಎಂಜಿನ್ನಿನ ತಲೆಯಲ್ಲಿ ವಾಲ್ವು, ಟ್ಯಾಪೆಟ್ಟು; ಪಕ್ಕದಲ್ಲಿ ಟೈಮಿಂಗ್ ಚೈನ್. ಹೊಲಿಗೆ ಯಂತ್ರದಂತೆ ಮೇಲಿನಿಂದ ಟಿಕಟಿಕ ಬಂದರೆ ಟ್ಯಾಪೆಟ್. ಒಂದು ಪಕ್ಕದಿಂದ ಗರಗರ ಕೇಳಿದರೆ ಟೈಮಿಂಗ್ ಚೈನ್. ಕ್ಲಚ್ ಹಿಡಿದಾಗ ಬದಲಾಗಿ, ಬಿಟ್ಟಾಗ ಮರಳುವ ಸದ್ದು ಕ್ಲಚ್ಚಿನದು. ಎಂಜಿನ್ ಆಫ್ ಮಾಡಿ ತಳ್ಳಿದಾಗಲೂ ಕರಕರ ನಿಲ್ಲದಿದ್ದರೆ ಎಂಜಿನ್ ಬಿಚ್ಚುವ ಅಗತ್ಯವೇ ಇಲ್ಲ. ತಪ್ಪು ಇರುವುದು ಚೈನು, ಸ್ಪ್ರಾಕೆಟ್ಟು, ಚಕ್ರದ ಬೇರಿಂಗಿನಲ್ಲಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಒಂದನ್ನೇ ಹಾಕಿಸಿ ಉಪಯೋಗವಿಲ್ಲ, ಸವೆದ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಚೈನು, ಹಿಂದುಮುಂದಿನ ಎರಡು ಸ್ಪ್ರಾಕೆಟ್ಟು, ಈ ಮೂರನ್ನೂ ಚೈನ್ ಸೆಟ್ ಎಂದು ಒಟ್ಟಿಗೆ ಮಾರುವುದು ಇದಕ್ಕೇ.

ನಾಗಮಂಗಲ ಹಿತ್ತಾಳೆ, ಕಂಚಿನ ಕೆಲಸಕ್ಕೆ ಹಿಂದಿನಿಂದ ಹೆಸರಾದ ಊರು. ಬಿರುಕು ಬಿಟ್ಟ ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಮಂಕಾದ ನಾದದಿಂದಲೇ ಗುರುತು ಹಿಡಿಯುವುದು ಅಂಥ ಕಸುಬಿನವರಿಗೆ ಹೊಸದಲ್ಲ. ಬೈಕ್ ಮೆಕ್ಯಾನಿಕ್ಕಿನ ವಿದ್ಯೆಯೂ ಅದೇ ಜಾತಿಯದು. ಶಾಲೆಯಲ್ಲಿ ಕಲಿಸದ, ಪುಸ್ತಕದಲ್ಲಿ ಬರೆಯದ ಈ ಜ್ಞಾನ ಗ್ಯಾರೇಜಿನಲ್ಲಿ ನಟ್ಟು ಒರೆಸುತ್ತ ಕೂತ ಹುಡುಗನ ಕಿವಿಗೆ ಇಳಿಯುತ್ತ ಬಂದಿದೆ.

ಇನ್ನು ದುಡ್ಡಿನ ಮಾತು. ಈ ಸೀಮೆಯಲ್ಲಿ ಹಣದ ಕಾಲಗಣನೆ ಕಬ್ಬಿನದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗೆ ಕಬ್ಬು ಹೋದ 14 ದಿನದೊಳಗೆ ರೈತನಿಗೆ ಹಣ ಬರಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಕಾಗದದ ಮೇಲಿನ ಮಾತು ಅದು. ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು, 2020ರಲ್ಲಿ ಖಾಸಗಿಯವರಿಗೆ 40 ವರ್ಷದ ಗುತ್ತಿಗೆಗೆ ಹೋಯಿತು. ಮಂಡ್ಯದ ಮೈಷುಗರ್ ಕಾರ್ಖಾನೆ ಕೂಡ ನಿಂತು, 2022ರಲ್ಲಿ ಮತ್ತೆ ಹೊಗೆಯಾಡಿತು. ಕಬ್ಬಿನ ಬಿಲ್ ತಡವಾದರೆ ಗ್ಯಾರೇಜಿನ ಬಾಕಿಯೂ ತಡ. ಸ್ಪೇರ್ ಅಂಗಡಿಯವನು ಕಾಸು ಬಿಡುವುದಿಲ್ಲ, ಸಾಮಾನಿಗೆ ಕೈಮೇಲೆ ಹಣ ಕೊಡಲೇಬೇಕು. ಹಾಗಾಗಿ ಸಾಲದ ಪುಸ್ತಕಕ್ಕೆ ಹೋಗುವುದು ಮೆಕ್ಯಾನಿಕ್ಕಿನ ಕೂಲಿ. ರೈತನಿಗೆ ಬಡ್ಡಿಯ ಕಾನೂನಾದರೂ ಇದೆ, ಮೆಕ್ಯಾನಿಕ್ಕಿಗೆ ಅದೂ ಇಲ್ಲ.

ಈ ನಡುವೆ ಬೈಕೂ ಬದಲಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆ ನಿಯಮ ಬಂತು. ಕಾರ್ಬೊರೇಟರ್ ಇದ್ದ ಕಡೆ ಬಹುತೇಕ ಬೈಕುಗಳಲ್ಲಿ ಇಂಜೆಕ್ಟರ್, ಸೆನ್ಸರ್ ಕೂತವು. ಸೆಲ್ಫ್ ಒತ್ತಿದರೆ ಕಟಕಟ ಎಂದು ಸುಮ್ಮನಾಗುವ ಬೈಕಿನಲ್ಲಿ ಬ್ಯಾಟರಿ ಇಳಿದಿರಬಹುದು, ಟರ್ಮಿನಲ್ ಸಡಿಲವಾಗಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸು, ಕ್ಲಚ್ ಸ್ವಿಚ್ಚು, ಸೈಡ್ ಸ್ಟ್ಯಾಂಡಿನ ಸ್ವಿಚ್ಚು. ಇವನ್ನು ಮೀಟರ್ ಹಿಡಿದು ಒಂದೊಂದಾಗಿ ನೋಡಲು ಅರ್ಧ ದಿನವೇ ಬೇಕಾಗಬಹುದು. ಕೊನೆಗೆ ಸಿಗುವುದು ತುಕ್ಕು ಹಿಡಿದ ಒಂದು ವೈರಿನ ತುದಿ. ಸ್ಕ್ಯಾನರ್ ಕೊಳ್ಳಲು ದುಡ್ಡು ಬೇಕು, ಅದರ ಸಂಕೇತ ಓದಲು ತರಬೇತಿ ಬೇಕು. ಆದರೆ ಗಿರಾಕಿಯ ಪ್ರಶ್ನೆ ಜಾವಾ ಕಾಲದ್ದೇ: "ಏನೂ ಹಾಕ್ಲಿಲ್ವಲ್ಲಪ್ಪ, ಯಾತಕ್ ದುಡ್ಡು?"

ಇಲ್ಲೇ ಗಿರಾಕಿ ತನಗೇ ನಷ್ಟ ಮಾಡಿಕೊಳ್ಳುತ್ತಿದ್ದಾನೆ. ಹುಡುಕಿದ್ದಕ್ಕೆ ಹಣ ಸಿಗದಿದ್ದರೆ ಹೊಟ್ಟೆ ತುಂಬುವ ದಾರಿ ಸಾಮಾನು ಬದಲಿಸುವುದೊಂದೇ. ವೈರ್ ಸರಿಮಾಡಿದರೆ ಮುಗಿಯುತ್ತಿದ್ದ ಕಡೆ ಬ್ಯಾಟರಿ ಬದಲಾಗುತ್ತದೆ. ಚೈನ್ ಬಿಗಿ ಮಾಡಿದರೆ ಸಾಕಾಗಿದ್ದ ಕಡೆ ಎಂಜಿನ್ ಮೇಜಿನ ಮೇಲೆ ಬರುತ್ತದೆ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ ಬೈಕ್ ನಿಷೇಧವಾಗಿದೆ. ಬೈಕುಗಳೆಲ್ಲ ಸರ್ವೀಸ್ ರಸ್ತೆಯಲ್ಲೇ ಓಡುತ್ತವೆ, ಕೆಟ್ಟು ನಿಲ್ಲುವುದೂ ಅಲ್ಲೇ. ಮುಂದಿನ ಸಲ ಹಾಗೆ ನಿಂತ ಬೈಕನ್ನು ಹತ್ತಿರದ ಗ್ಯಾರೇಜಿಗೆ ತಳ್ಳಿಕೊಂಡು ಹೋದಾಗ, ಬಿಚ್ಚುವ ಮೊದಲು ಅಂದಾಜು ಖರ್ಚು ಕೇಳಿ. ಬದಲಿಸಿದ ಹಳೆ ಸಾಮಾನನ್ನು ಕೈಗೆ ಕೇಳಿ ಪಡೆಯಿರಿ. ಏನನ್ನೂ ಬದಲಿಸದೆ ಗಾಡಿ ಸ್ಟಾರ್ಟ್ ಮಾಡಿಕೊಟ್ಟರೆ, ನೋಡಿದ್ದಕ್ಕೆ ಎಷ್ಟಪ್ಪ ಎಂದು ನೀವಾಗಿಯೇ ಕೇಳಿ ಕೊಡಿ.