ಒನೇಸಿಮ ತಂದ ಕಾಗದ ಯಾರ ಹೆಸರಿಗಿತ್ತು?

ಈಗ ನಮಗೆ ಸಿಕ್ಕಿರುವ ಪೌಲನ ಪತ್ರಗಳಲ್ಲಿ ತೀರಾ ಚಿಕ್ಕದು ಫಿಲೆಮೋನನಿಗೆ ಬರೆದದ್ದು. 25 ವಚನಗಳು, ಗ್ರೀಕ್ ಮೂಲದಲ್ಲಿ ಸುಮಾರು 335 ಪದಗಳು. ಗಟ್ಟಿಯಾಗಿ ಓದಿದರೂ ಮೂರ್ನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಇನ್ನೊಬ್ಬರಿಗೆ ಬರೆದ ಹಳೇ ಕಾಗದವನ್ನು ಇವತ್ತಿನ ಜನರ ಮುಂದೆ ಓದಿ ಅರ್ಥ ಹೇಳೋದು ಎಷ್ಟು ಜವಾಬ್ದಾರಿಯ ಕೆಲಸ ಅಂತ ತಿಳಿಯೋದಕ್ಕೆ, ನನ್ನ ಮಟ್ಟಿಗೆ, ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಾನು ದೇವಶಾಸ್ತ್ರ ಕಲಿತವನಲ್ಲ, ಚರಿತ್ರೆ ಓದುವವನು. ಆ ಕಡೆಯಿಂದಲೇ ಹೇಳ್ತೀನಿ.

ಸಂಗತಿ ಇಷ್ಟು. ಮೊದಲ ಶತಮಾನದ ನಡುಭಾಗ. ಪೌಲ ಸೆರೆಯಲ್ಲಿದ್ದಾನೆ. ಒನೇಸಿಮ ಎಂಬ ಗುಲಾಮ ಅವನ ಬಳಿ ಬಂದು ಕ್ರೈಸ್ತನಾಗಿದ್ದಾನೆ. ಅವನ ಒಡೆಯ ಫಿಲೆಮೋನನೂ ಕ್ರೈಸ್ತನೇ. ಅವನ ಮನೆಯಲ್ಲೇ ಸಭೆ ಸೇರುತ್ತದೆ. ಪೌಲ ಒನೇಸಿಮನನ್ನು ಒಡೆಯನ ಹತ್ತಿರ ವಾಪಸ್ ಕಳಿಸುತ್ತಾನೆ, ಜೊತೆಗೆ ಈ ಕಾಗದ. 'ಒನೇಸಿಮ' ಅಂದರೆ 'ಉಪಯೋಗಕ್ಕೆ ಬರುವವನು'. ಆ ಕಾಲದಲ್ಲಿ ಗುಲಾಮರಿಗೆ ಇಡುತ್ತಿದ್ದ ಮಾಮೂಲಿ ಹೆಸರು. ಮನುಷ್ಯನನ್ನು ಅವನಿಂದ ಆಗುವ ಕೆಲಸದಿಂದಲೇ ಕರೆಯುವ ಹೆಸರು! ಪೌಲ ಕೇಳಿಕೊಳ್ಳುವುದೇನೆಂದರೆ, ಇವನನ್ನು ಇನ್ನು ಗುಲಾಮ ಅಂತ ಅಲ್ಲ, ಅದಕ್ಕಿಂತ ಮೇಲಾಗಿ, ಪ್ರೀತಿಯ ತಮ್ಮ ಅಂತ ಸೇರಿಸಿಕೋ. ನಿನಗೆ ಏನಾದರೂ ನಷ್ಟ ಮಾಡಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ. ಹಾಗೇ, ನನಗೂ ಒಂದು ಕೋಣೆ ಸಿದ್ಧಮಾಡು, ಬರ್ತೀನಿ. ಕಾಗದ ಹೆಚ್ಚುಕಡಿಮೆ ಇಷ್ಟೇ.

ಒನೇಸಿಮ ಕದ್ದು ಓಡಿಹೋದ ಗುಲಾಮ ಅಂತ ತಾನೇ ನಾವು ಕೇಳಿರೋದು? ಕಾಗದವನ್ನೇ ಓದಿ ನೋಡಿ. ಓಡಿಹೋದ ಅಂತ ಎಲ್ಲೂ ಇಲ್ಲ, ಸ್ವಲ್ಪ ಕಾಲ ಅಗಲಿದ್ದ ಅಂತಿದೆ. ಕದ್ದ ಅಂತಲೂ ಇಲ್ಲ, ನಷ್ಟ ಮಾಡಿದ್ದರೆ ಅಂತಿದೆ. 'ದ್ದರೆ'ಯನ್ನು 'ದ್ದಾನೆ' ಮಾಡಿದ್ದು ಆಮೇಲೆ ಬಂದ ವ್ಯಾಖ್ಯಾನಕಾರರು. 4ನೇ ಶತಮಾನದ ಕೊನೆಯ ಹೊತ್ತಿಗೆ ಜಾನ್ ಕ್ರಿಸೊಸ್ಟಮ್‌ನ ಪ್ರಸಂಗಗಳಲ್ಲಿ ಒನೇಸಿಮ ಕಳ್ಳನೂ ಹೌದು, ಓಡಿಹೋದವನೂ ಹೌದು. ಗುಲಾಮರನ್ನು ಒಡೆಯರಿಂದ ಬಿಡಿಸಿಕೊಂಡು ಹೋಗಬಾರದು ಎಂಬ ಪಾಠವನ್ನೂ ಆ ಮಹಾ ಉಪದೇಶಕ ಇದೇ ಕಾಗದದಿಂದ ತೆಗೆಯುತ್ತಾನೆ. ಒಡೆಯನಿಗೆ ಬರೆದ ಬಿನ್ನಹ ನಿಧಾನಕ್ಕೆ ಗುಲಾಮನಿಗೆ ಬುದ್ಧಿವಾದ ಆಯ್ತು.

ಈ ಬುದ್ಧಿವಾದ ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡೋಕೆ ಸಾವಿರದ ನಾನೂರು ವರ್ಷ ದಾಟಿ ಅಮೆರಿಕಕ್ಕೆ ಬರಬೇಕು. ಜಾರ್ಜಿಯ ರಾಜ್ಯದ ಲಿಬರ್ಟಿ ಕೌಂಟಿಯಲ್ಲಿ ಚಾರ್ಲ್ಸ್ ಕಾಲ್ಕಾಕ್ ಜೋನ್ಸ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ ಇದ್ದರು. ತೋಟಗಳ ಗುಲಾಮರಿಗೆ ಧರ್ಮಬೋಧೆ ಮಾಡುವುದೇ ಅವರ ಮುಖ್ಯ ಸೇವೆ. ಸ್ವತಃ ಗುಲಾಮರ ಒಡೆಯರೂ ಹೌದು. 1833ರಲ್ಲಿ ಅವರು ದೊಡ್ಡದೊಂದು ಗುಲಾಮರ ಸಭೆಗೆ ಫಿಲೆಮೋನನ ಪತ್ರದ ಮೇಲೆ ಪ್ರಸಂಗ ಮಾಡಿದರು. ನಿಷ್ಠೆ, ವಿಧೇಯತೆ ಬೇಕು, ಓಡಿಹೋಗುವುದು ತಪ್ಪು, ಇದಕ್ಕೆ ಪೌಲನೇ ಸಾಕ್ಷಿ ಅಂತ. ಮುಂದೇನಾಯ್ತು ಅನ್ನೋದನ್ನು ಅವರೇ ತಮ್ಮ ವರದಿಯಲ್ಲಿ ಬರೆದಿಟ್ಟಿದ್ದಾರೆ. ಕೇಳುತ್ತಿದ್ದವರಲ್ಲಿ ಅರ್ಧದಷ್ಟು ಜನ ಎದ್ದು ನಡೆದೇಬಿಟ್ಟರು. ಉಳಿದವರ ಮುಖದಲ್ಲೂ ಸಮಾಧಾನವಿರಲಿಲ್ಲ. ಸಭೆ ಮುಗಿದ ಮೇಲೆ ಕೆಲವರು, ಇಂಥ ಪತ್ರ ಬೈಬಲ್ಲಿನಲ್ಲೇ ಇಲ್ಲ ಅಂದರು. ಇದು ಸುವಾರ್ತೆಯೇ ಅಲ್ಲ ಅಂದರು ಕೆಲವರು. ಒಡೆಯರನ್ನು ಮೆಚ್ಚಿಸೋಕೆ ಈ ಪ್ರಸಂಗ ಅಂದವರೂ ಇದ್ದರು.

ಅಕ್ಷರ ಕಲಿಯಲಿಕ್ಕೂ ಬಿಡದೆ ಇಟ್ಟಿದ್ದ ಜನ ಅವರು. ಪತ್ರ ಬೈಬಲ್ಲಿನಲ್ಲಿದೆ, ಆ ಮಾತು ಸರಿಯಲ್ಲ. ಆದರೆ ಜೋನ್ಸರು ಓದಿ ಹೇಳಿದ ಪತ್ರ ನಿಜಕ್ಕೂ ಬೈಬಲ್ಲಿನಲ್ಲಿರಲಿಲ್ಲ! ಪೌಲ ಇಡೀ ಕಾಗದದಲ್ಲಿ ಒನೇಸಿಮನಿಗೆ ಒಂದೇ ಒಂದು ಆಜ್ಞೆಯನ್ನೂ ಕೊಡುವುದಿಲ್ಲ. ಕೋರಿಕೆಗಳೆಲ್ಲ ಒಡೆಯನಿಗೆ. ಅದೂ ಗುಟ್ಟಾಗಿ ಅಲ್ಲ: ವಿಳಾಸದಲ್ಲಿ ಫಿಲೆಮೋನನ ಜೊತೆ ಅಪ್ಫಿಯಳ ಹೆಸರಿದೆ, ಅರ್ಖಿಪ್ಪನ ಹೆಸರಿದೆ, ಮನೆಯಲ್ಲಿ ಕೂಡುವ ಇಡೀ ಸಭೆಯ ಪ್ರಸ್ತಾಪವಿದೆ. ಅಂದ್ರೆ ನಾಲ್ಕು ಜನರ ಮುಂದೆ ಓದಿ ಹೇಳಲಿ ಅಂತಲೇ ಬರೆದದ್ದು. ಮನೆಯ ಯಜಮಾನ ಏನು ಮಾಡ್ತಾನೆ ಅಂತ ಎಲ್ಲರ ಕಣ್ಣೂ ಅವನ ಮೇಲೆ. ಆ ಕಣ್ಣುಗಳನ್ನು ಜೋನ್ಸರು ಗುಲಾಮನ ಕಡೆ ತಿರುಗಿಸಿದರು.

ಇದರ ಎದುರುಬದಿಯ ಓದೂ ಅಷ್ಟೇ ಸುಲಭದ್ದಲ್ಲ. 1850ರಲ್ಲಿ ಅಮೆರಿಕದಲ್ಲಿ ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯ್ದೆ ಬಂದಾಗ ಒಂದು ಕಡೆಯವರು, ಪೌಲನೂ ವಾಪಸ್ ಕಳಿಸಲಿಲ್ಲವೇ ಅಂದರು. ಇನ್ನೊಂದು ಕಡೆಯವರು, ತಮ್ಮನೆಂದು ಸೇರಿಸಿಕೋ ಎಂಬ ಮಾತನ್ನೇ ಎತ್ತಿ ಹಿಡಿದರು. ನನ್ನ ಒಲವು ಇವರ ಕಡೆಗೇ. ಆದರೂ ಪೌಲ, ಇವನನ್ನು ಬಿಡುಗಡೆ ಮಾಡು ಅಂತ ನೇರವಾಗಿ ಬರೆದಿಲ್ಲ. ಗುಲಾಮಗಿರಿಯೇ ತಪ್ಪು ಅಂತಲೂ ಬರೆದಿಲ್ಲ. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡ್ತೀ ಅಂತ ನಂಬಿದ್ದೇನೆ ಅಂದು ಸುಮ್ಮನಾಗುತ್ತಾನೆ. ಆ ಮೌನವನ್ನು ಮುಚ್ಚಿ, ಪೌಲನನ್ನು ನಮ್ಮ ಕಾಲದ ಹೋರಾಟಗಾರನನ್ನಾಗಿ ಮಾಡಿದರೆ ಅದೂ ಕಾಗದಕ್ಕೆ ಮಾಡುವ ಅನ್ಯಾಯವೇ. ಅವನು ಎಲ್ಲಿ ನಿಂತುಬಿಟ್ಟ ಅನ್ನೋದನ್ನೂ ಸಭೆಗೆ ಹೇಳಬೇಕು.

ಕನ್ನಡದಲ್ಲಿ ಪ್ರಸಂಗ ಮಾಡುವವರಿಗೆ ಇನ್ನೊಂದು ತೊಡಕಿದೆ. ನಮ್ಮ ಸತ್ಯವೇದದ ಅನುವಾದದಲ್ಲಿ ಇಲ್ಲಿ ಬರುವ ಪದ 'ದಾಸ'. ಪೌಲ ಬೇರೆ ಪತ್ರಗಳಲ್ಲಿ ತನ್ನನ್ನೇ ಕ್ರಿಸ್ತನ ದಾಸ ಅಂದುಕೊಳ್ಳುವಾಗ ಅದು ಸೊಗಸಾಗಿ ಒಪ್ಪುತ್ತದೆ. ಆದರೆ ಕನ್ನಡದ ಕಿವಿಗೆ ದಾಸ ಅಂದಕೂಡಲೇ ಕೇಳಿಸೋದು ತಂಬೂರಿ. ಕಣ್ಣಿಗೆ ಕಟ್ಟೋದು ಪುರಂದರದಾಸರು, ಕನಕದಾಸರು. ಒನೇಸಿಮನ ದಾಸ್ಯ ಆ ಬಗೆಯದಲ್ಲ. ಅವನನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು. ಗುಲಾಮ ಹೆಣ್ಣು ಹೆತ್ತ ಮಗುವೂ ಒಡೆಯನ ಸ್ವತ್ತೇ. ಜೀತದಾಳು ಅಂದರೆ ನಮ್ಮ ಜನಕ್ಕೆ ಅರ್ಧವಾದರೂ ತಟ್ಟುತ್ತದೆ. ಈ ದೇಶದಲ್ಲಿ ಜೀತ ರದ್ದುಮಾಡುವ ಕಾಯ್ದೆ ಬಂದದ್ದೇ 1976ರಲ್ಲಿ. ಸಭೆಯಲ್ಲಿ ಕೂತ ಹಿರಿಯರಿಗೆ ಅದೇನೂ ರೋಮಿನ ಕತೆಯಲ್ಲ.

ಕ್ಯಾಥೊಲಿಕ್ ಚರ್ಚುಗಳ ಭಾನುವಾರದ ವಾಚನಗಳಲ್ಲಿ ಈ ಪತ್ರದ ಸರದಿ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅವತ್ತು ಓದುವುದು 9, 10 ಮತ್ತು 12ರಿಂದ 17ರವರೆಗಿನ ವಚನಗಳನ್ನು ಮಾತ್ರ. ವಿಳಾಸದ ಸಾಲುಗಳು ಬಿಟ್ಟುಹೋಗಿವೆ, ನಷ್ಟ ತುಂಬಿಕೊಡುವ ಮಾತೂ ಇಲ್ಲ. ಉಪದೇಶ ಮಾಡುವವರು ಅವನ್ನೂ ಸೇರಿಸಿಯೇ ಓದಲಿ ಅಂತ ನನ್ನ ಆಸೆ, ಸಮಯ ಹಿಡಿಯೋದು ಇನ್ನೆರಡು ನಿಮಿಷ. ಓದಿದ ಮೇಲೆ, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವಳ, ಕಾರು ಓಡಿಸುವವನ ಪೂರ್ತಿ ಹೆಸರು ಎಷ್ಟು ಜನಕ್ಕೆ ಗೊತ್ತಿದೆ ಅಂತ ಸಭೆಯನ್ನು ಒಮ್ಮೆ ಕೇಳಲಿ. ಕಾಗದ ಬರೆದದ್ದು ಯಜಮಾನರಿಗೆ. ಉತ್ತರ ಹೇಳಬೇಕಾದವರೂ ಅವರೇ.