ಎಚ್‌ಎಎಲ್ ವಿಮಾನಗಳ ಮಾದರಿ ಸಂಕೇತಗಳು

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ತಾನು ವಿನ್ಯಾಸಗೊಳಿಸಿದ ವಿಮಾನಗಳಿಗೆ ಕೊಡುವ ಅಕ್ಷರ, ಅಂಕಿಗಳ ಗುರುತು. ಮೊದಲಿನ ‘ಎಚ್’ ಹಿಂದೂಸ್ತಾನ್. ಮುಂದಿನ ಅಕ್ಷರಗಳು ವಿಮಾನದ ಕೆಲಸ ತಿಳಿಸುತ್ತವೆ: ‘ಎಫ್’ ಯುದ್ಧವಿಮಾನ, ‘ಟಿ’ ತರಬೇತಿ ವಿಮಾನ, ‘ಜೆಟಿ’ ಜೆಟ್ ತರಬೇತಿ ವಿಮಾನ. ವಿ.ಎಂ. ಘಾಟಗೆ ತಂಡದ ಎಚ್‌ಟಿ-2 ಹಾರಿದ್ದು 1951ರಲ್ಲಿ.

ಅಂಕಿಯನ್ನು ನಂಬಿ ಕಾಲಾನುಕ್ರಮ ಕಟ್ಟಲು ಹೊರಟರೆ ದಾರಿ ತಪ್ಪುವುದು ಖಂಡಿತ. ಎಚ್‌ಯುಎಲ್-26 ಪುಷ್ಪಕ್ 1958ರಲ್ಲೇ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸದ ಎಚ್‌ಎಫ್-24 ಮಾರುತ್ 1961ರಲ್ಲಿ. ಈ ಮೂರರಲ್ಲಿ ಸಣ್ಣ ಅಂಕಿಯ ಎಚ್‌ಜೆಟಿ-16 ಕಿರಣ್ ಕೊನೆಗೆ, 1964ರಲ್ಲಿ. ತೇಜಸ್ ಈ ಪದ್ಧತಿಯಿಂದ ಹೊರಗು: ಅದರ ರೂಪಾಂತರಗಳಿಗೆ ‘ಮಾರ್ಕ್’ ಲೆಕ್ಕ, ಎಂಕೆ-1, ಎಂಕೆ-1ಎ. 2016ರಲ್ಲಿ ಹಾರಿದ ಎಚ್‌ಟಿಟಿ-40 ಮಾತ್ರ ಹಳೆಯ ಜಾಡಿನಲ್ಲೇ ಇದೆ. ಅದರ ಮೊದಲ ‘ಟಿ’ ಟರ್ಬೊಪ್ರಾಪ್ ಎಂಜಿನ್‌ನದು.